ಚಲನ್ ಬಂದಾಗ ಗೃಹಸ್ಥನು ಮಾಡತಕ್ಕದ್ದೇನು?

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯು ನ್ಯಾಯಾಲಯವನ್ನು ಕುರಿತು ನಮ್ಮ ನಾಡಿನಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಎರಡು ಮೊಳ ಗೋಡೆಗಾಗಿ ಮೂರು ತಲೆಮಾರು ವ್ಯಾಜ್ಯವಾಡಿ, ಕಡೆಗೆ ಮನೆಯನ್ನೇ ಮಾರಿಕೊಂಡ ಕುಟುಂಬಗಳನ್ನು ಕಂಡ ಹಿರಿಯರು ಈ ಮಾತನ್ನು ಹೇಳಿರಬೇಕು. ಗಾದೆಯಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಔಷಧವು ಎಷ್ಟೇ ಒಳ್ಳೆಯದಾದರೂ ಎಲ್ಲ ರೋಗಕ್ಕೂ ಅದನ್ನೇ ಕೊಡಲಾಗದು. ಗೋಡೆಯ ವ್ಯಾಜ್ಯಕ್ಕೆ ಹುಟ್ಟಿದ ಗಾದೆಯನ್ನು ರಸ್ತೆಯ ಜುಲ್ಮಾನೆಗೂ ಅನ್ವಯಿಸಿ, “ಕೋರ್ಟಿನ ಗೊಡವೆ ನಮಗೇಕೆ? ಕೇಳಿದಷ್ಟು ಕಟ್ಟಿ ಕೈ ತೊಳೆದುಕೊಳ್ಳೋಣ” ಎನ್ನುವ ಗೃಹಸ್ಥರ ಸಂಖ್ಯೆಯು ಈಗ ಹೆಚ್ಚುತ್ತಿದೆ. ಇದರ ಜೊತೆಯಲ್ಲಿಯೇ, ತಪ್ಪು ಮಾಡಿಯೂ ಕಟ್ಟದೆ ವರ್ಷಗಟ್ಟಲೆ ತಲೆ ತಪ್ಪಿಸಿಕೊಳ್ಳುವವರ ಸಂಖ್ಯೆಯೂ ಹೆಚ್ಚುತ್ತಿದೆ. ಮಾಡಿದ ತಪ್ಪಿಗೆ ದಂಡ ತೆರದಿರುವುದು ಹೇಗೆ ಅಧರ್ಮವೋ, ಮಾಡದ ತಪ್ಪಿಗೆ ಸುಮ್ಮನೆ ದಂಡ ತೆರುವುದೂ ಹಾಗೆಯೇ ಅವಿವೇಕವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ನಾವು ವಾಸಮಾಡುವ ಒಂಟಿಕೊಪ್ಪಲಿನಲ್ಲಿ ಹಿಂದೆ ಬೀದಿಗೆ ನಾಲ್ಕು ಸೈಕಲ್ಲುಗಳಿದ್ದರೆ ಹೆಚ್ಚು. ಈಗ ಮನೆಗೆ ಎರಡು ಸ್ಕೂಟರು. ಕೆಲವೆಡೆ ಒಂದು ಕಾರೂ ಉಂಟು. ಬೆಳಗ್ಗೆ ವೆಂಕಟರಮಣಸ್ವಾಮಿಯ ದೇವಸ್ಥಾನಕ್ಕೆ ಹೋಗುವವರೂ, ಮಕ್ಕಳನ್ನು ಪಾಠಶಾಲೆಗೆ ಬಿಡುವವರೂ, ಕೃಷ್ಣರಾಜಸಾಗರದ ರಸ್ತೆಯನ್ನು ಹಿಡಿದು ಕಾರ್ಖಾನೆಗೆ ಹೋಗುವವರೂ ವಾಹನವಿಲ್ಲದೆ ಹೆಜ್ಜೆಯಿಡುವುದಿಲ್ಲ. ವೃತ್ತಗಳಲ್ಲಿ ಕ್ಯಾಮರಾಗಳು ನಿಂತಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೂ ೨೦೨೪ರಿಂದ ಕ್ಯಾಮರಾಗಳು ವೇಗವನ್ನಳೆದು ವರದಿಮಾಡುತ್ತಿವೆ. ಹಿಂದೆ ಪೊಲೀಸಿನವರು ಕೈಗೆ ಕೊಡುತ್ತಿದ್ದ ಚೀಟಿಯು ಈಗ ಮೊಬೈಲಿಗೆ ಸಂದೇಶವಾಗಿ ಬಂದು ಕೂರುತ್ತದೆ. ಯಾವ ದಿನ, ಯಾವ ಗಳಿಗೆಯಲ್ಲಿ, ಯಾರು ಸವಾರಿ ಮಾಡುತ್ತಿದ್ದಾಗ ಆದದ್ದೆಂದು ಮನೆಯ ಯಜಮಾನನಿಗೆ ಎಷ್ಟೋ ವೇಳೆ ತಿಳಿದೇ ಇರುವುದಿಲ್ಲ. ಆದುದರಿಂದ ಈ ವಿಷಯವು ವಾಹನ ನಡೆಸುವವರಿಗೆ ಮಾತ್ರ ಸೇರಿದ್ದಲ್ಲ, ಗೃಹಕೃತ್ಯಕ್ಕೂ ಸೇರಿದ್ದು.

ಚಲನ್ ಎಂದರೆ ಏನು?

ಮೊದಲು ತಿಳಿಯಬೇಕಾದ ಮಾತೊಂದಿದೆ. ಚಲನ್ ಎಂಬುದು ಒಂದು ಆಪಾದನೆ, ಅದು ತೀರ್ಪಲ್ಲ. ಅಪರಾಧವು ನಡೆದಿದೆಯೆಂದು ನಿರ್ಣಯಿಸುವ ಅಧಿಕಾರವು ನ್ಯಾಯಾಧೀಶರಿಗೆ ಮಾತ್ರ ಸೇರಿದ್ದು. ಹಾಗಾದರೆ ಪೊಲೀಸಿನವರು ರಸ್ತೆಯಲ್ಲಿಯೇ ಹಣ ಪಡೆಯುವುದು ಹೇಗೆ ಎಂದು ವಾಚಕರು ಕೇಳಬಹುದು. ೧೯೩೯ರ ಹಳೆಯ ಕಾನೂನಿನ ಸ್ಥಾನದಲ್ಲಿ ಬಂದು ೧೯೮೯ರ ಜುಲೈ ೧ರಿಂದ ಜಾರಿಯಲ್ಲಿರುವ ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೨೦೦ನೆಯ ಪ್ರಕರಣವು ಇದಕ್ಕೆ ಆಧಾರ. ಚಿಕ್ಕ ಅಪರಾಧಗಳಲ್ಲಿ, ಸರ್ಕಾರವು ಗೊತ್ತುಮಾಡಿದ ಮೊತ್ತವನ್ನು ತೆತ್ತು ವಿಷಯವನ್ನು ರಾಜಿಯಲ್ಲಿ ಮುಗಿಸಿಕೊಳ್ಳಬಹುದೆಂದು ಅದು ಹೇಳುತ್ತದೆ. ರಾಜಿಯೆಂದ ಮೇಲೆ ಎರಡು ಕಡೆಯವರ ಒಪ್ಪಿಗೆಯೂ ಬೇಕಷ್ಟೆ. ಒಪ್ಪುವ ಹಕ್ಕಿರುವವನಿಗೆ ಒಪ್ಪದಿರುವ ಹಕ್ಕೂ ಇದ್ದೇ ಇದೆ. ಒಪ್ಪದಿದ್ದಲ್ಲಿ ಪ್ರಕರಣವು ನ್ಯಾಯಾಲಯಕ್ಕೆ ಹೋಗುತ್ತದೆ.

ಆದರೆ ಒಪ್ಪದಿರುವ ಮುನ್ನ ಲಾಭನಷ್ಟಗಳನ್ನು ತೂಗಿ ನೋಡಬೇಕು. ಹೆಲ್ಮೆಟ್ಟಿಲ್ಲದೆ ಸವಾರಿ ಮಾಡಿದುದಕ್ಕೆ ೨೦೧೯ರ ತಿದ್ದುಪಡಿಯು ೧,೦೦೦ ರೂಪಾಯಿ ದಂಡವನ್ನೂ ಮೂರು ತಿಂಗಳ ಕಾಲ ಲೈಸೆನ್ಸಿಗೆ ಅನರ್ಹತೆಯನ್ನೂ ವಿಧಿಸಿದೆ. ಕರ್ನಾಟಕ ಸರ್ಕಾರವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜಿಯ ಮೊತ್ತವನ್ನು ೫೦೦ ರೂಪಾಯಿಗೆ ಇಳಿಸಿತು. ಈ ರಿಯಾಯಿತಿಯು ರಾಜಿಗೆ ಸಂಬಂಧಿಸಿದ್ದೇ ಹೊರತು ನ್ಯಾಯಾಲಯವನ್ನು ಕಟ್ಟಿಹಾಕುವಂಥದಲ್ಲ. ನಿಜವಾಗಿ ತಪ್ಪು ಮಾಡಿದವನು ಹಟದಿಂದ ನ್ಯಾಯಾಲಯಕ್ಕೆ ಹೋಗಿ ಸೋತರೆ, ಕಾನೂನು ಹೇಳಿದ ಪೂರ್ಣ ದಂಡಕ್ಕೆ ಗುರಿಯಾಗಬಹುದು. ಕುಡಿದು ವಾಹನ ನಡೆಸಿದ ಅಪರಾಧಕ್ಕಂತೂ ರಾಜಿಯ ದಾರಿಯೇ ಇಲ್ಲ. ೧೦೦ ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಾಂಶ ಕಂಡುಬಂದರೆ, ಮೊದಲನೆಯ ಸಲವೇ ಆರು ತಿಂಗಳವರೆಗೆ ಸೆರೆಯೋ, ೧೦,೦೦೦ ರೂಪಾಯಿ ದಂಡವೋ, ಎರಡೂ ಆಗಿಯೋ ವಿಧಿಸಬಹುದು.

ನಾಲ್ಕು ಬಗೆಯ ಉತ್ತರ

ಆಪಾದನೆಗೆ ಒಳಗಾದವನು ಏನೆಂದು ಉತ್ತರ ಹೇಳಬೇಕೆಂಬ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. ಕಲ್ಯಾಣದಲ್ಲಿ, ಎಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲದಲ್ಲಿ ಇದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ವ್ಯವಹಾರಕ್ಕೆ, ಎಂದರೆ ಮೊಕದ್ದಮೆಗೆ, ನಾಲ್ಕು ಪಾದಗಳೆಂದು ಆ ಶಾಸ್ತ್ರದ ಮತ: ಆಪಾದನೆ, ಉತ್ತರ, ಸಾಕ್ಷ್ಯ, ನಿರ್ಣಯ. ಎರಡನೆಯ ಪಾದವಿಲ್ಲದೆ ನಾಲ್ಕನೆಯದಕ್ಕೆ ಹಾರುವಂತಿಲ್ಲ. ಉತ್ತರವೂ ನಾಲ್ಕು ವಿಧ: ಸತ್ಯ, ಎಂದರೆ ಒಪ್ಪಿಗೆ, ಮಿಥ್ಯೆ, ಎಂದರೆ ಆಪಾದನೆಯೇ ಸುಳ್ಳೆಂಬ ನಿರಾಕರಣೆ, ಪ್ರತ್ಯವಸ್ಕಂದನ, ಎಂದರೆ ನಡೆದದ್ದು ನಿಜವಾದರೂ ತಕ್ಕ ಕಾರಣವಿತ್ತೆಂಬ ಸಮಾಧಾನ, ಪೂರ್ವನ್ಯಾಯ, ಎಂದರೆ ಈ ವಿಷಯವು ಹಿಂದೆಯೇ ತೀರ್ಮಾನವಾಗಿದೆಯೆಂಬ ವಾದ. ಚಲನ್ ಬಂದ ಗೃಹಸ್ಥನು ತನ್ನ ಉತ್ತರವು ಈ ನಾಲ್ಕರಲ್ಲಿ ಯಾವುದೆಂದು ಮೊದಲು ನಿಷ್ಕರ್ಷೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸತ್ಯೋತ್ತರ. ಮಗನು ಕೆಂಪು ದೀಪವನ್ನು ದಾಟಿದ್ದು ನಿಜ, ಹೆಲ್ಮೆಟ್ಟಿಲ್ಲದೆ ಹೊರಟದ್ದು ನಿಜ ಎಂದಾದರೆ ವಾದವು ಬೇಡ. ಹಣವನ್ನು ಕಟ್ಟಿ ರಸೀತಿಯನ್ನು ತೆಗೆದಿಡತಕ್ಕದ್ದು. ವಿಷಯವು ನ್ಯಾಯಾಲಯವನ್ನು ಮುಟ್ಟಿ ಸಮನ್ಸು ಬಂದಿದ್ದರೂ, ಚಿಕ್ಕ ಅಪರಾಧಗಳಲ್ಲಿ ಖುದ್ದಾಗಿ ಹೋಗಲೇಬೇಕೆಂಬ ನಿಯಮವಿಲ್ಲ. ತಪ್ಪೊಪ್ಪಿಗೆಯನ್ನು ಬರೆದು, ಸಮನ್ಸಿನಲ್ಲಿ ಹೇಳಿದ ಮೊತ್ತವನ್ನು ಗೊತ್ತಾದ ದಿನದೊಳಗೆ ಕಳುಹಿಸುವ ಸೌಕರ್ಯವನ್ನು ಅಧಿನಿಯಮದ ೨೦೮ನೆಯ ಪ್ರಕರಣವು ಕೊಟ್ಟಿದೆ. ಹೀಗೆ ಮುಗಿಸಿಕೊಂಡವನ ಮೇಲೆ ಅದೇ ಅಪರಾಧಕ್ಕಾಗಿ ಮುಂದಿನ ಕ್ರಮವಿಲ್ಲ. ತಪ್ಪೊಪ್ಪಿಕೊಂಡನೆಂಬ ಕಾರಣದಿಂದ ಲೈಸೆನ್ಸಿಗೆ ಅನರ್ಹನೂ ಆಗುವುದಿಲ್ಲ.

ದಂಡವನ್ನು ತೆರುವಾಗ ಅದರ ಹಿಂದಿರುವ ಕಾರಣವನ್ನೂ ಮನೆಯ ಮಕ್ಕಳಿಗೆ ಹೇಳಬೇಕು. ೨೦೨೨ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು ೧,೬೮,೪೯೧ ಮಂದಿಯೆಂದು ಕೇಂದ್ರ ಸರ್ಕಾರದ ವರದಿಯಲ್ಲಿದೆ. ಅವರಲ್ಲಿ ೫೦,೦೨೯ ಮಂದಿ ಹೆಲ್ಮೆಟ್ಟನ್ನು ಧರಿಸದಿದ್ದವರು. ಈ ಲೆಕ್ಕವನ್ನು ಓದಿದ ಮೇಲೆ ೫೦೦ ರೂಪಾಯಿಯನ್ನು ಹೆಚ್ಚೆನ್ನಲು ಮನಸ್ಸು ಬಾರದು.

ಮಿಥ್ಯೋತ್ತರ. ಆಪಾದನೆಯು ಸುಳ್ಳಾಗಿರುವ ಸಂದರ್ಭಗಳು ಅಪರೂಪವಲ್ಲ. ನಂಬರು ಪ್ಲೇಟಿನ ಒಂದಂಕಿಯನ್ನು ತಪ್ಪಾಗಿ ಓದಿರಬಹುದು. ಯಾರೋ ದುರ್ಜನರು ನಮ್ಮ ಸಂಖ್ಯೆಯನ್ನು ತಮ್ಮ ವಾಹನಕ್ಕೆ ಬರೆಸಿಕೊಂಡಿರಬಹುದು. ನಮ್ಮ ಬೀದಿಯ ವೃದ್ಧ ಗೃಹಸ್ಥರೊಬ್ಬರಿಗೆ ಇಂಥದೇ ಪ್ರಸಂಗವು ಒದಗಿತು. ಅವರಲ್ಲಿರುವುದು ಬೂದುಬಣ್ಣದ ಹಳೆಯ ಸ್ಕೂಟರೊಂದೇ. ನಗರದ ಇನ್ನೊಂದು ಕೊನೆಯ ವೃತ್ತದಲ್ಲಿ ಹೆಲ್ಮೆಟ್ಟಿಲ್ಲದೆ ಹೋದರೆಂದು ಅವರಿಗೆ ಚಲನ್ ಬಂತು. ಅವರು ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ಆ ದಿನ ನಮ್ಮ ಮನೆಯಲ್ಲಿ ತಂದೆಯ ಶ್ರಾದ್ಧ. ಪಂಚಾಂಗ ನೋಡಿ ಬೇಕಾದರೆ. ನಾನು ಹೊಸಲು ದಾಟಿದವನೇ ಅಲ್ಲ” ಎಂದರು. ಸೊಸೆಯು, “ಐನೂರು ರೂಪಾಯಿ ತಾನೇ ಮಾವ, ಕಟ್ಟಿಬಿಡಿ, ಈ ವಯಸ್ಸಿನಲ್ಲಿ ಕೋರ್ಟಿಗೆ ಅಲೆಯುವುದು ಯಾರು?” ಎಂದಿದ್ದಳಂತೆ. ಆಕೆಯ ಮಾತು ಪ್ರೀತಿಯಿಂದ ಬಂದದ್ದೇ.

ನಾವು ಚಲನಿನ ಜೊತೆಯಲ್ಲಿದ್ದ ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿದೆವು. ಅದರಲ್ಲಿದ್ದದ್ದು ಕಪ್ಪುಬಣ್ಣದ ಮೋಟಾರು ಸೈಕಲ್ಲು. ಮಣ್ಣು ಮೆತ್ತಿದ ಪ್ಲೇಟಿನ ಮೂರು ಎಂಬ ಅಂಕಿಯು ಎಂಟೆಂದು ಓದಲ್ಪಟ್ಟಿತ್ತು. ಸ್ಕೂಟರಿನ ಆರ್.ಸಿ.ಯ ನಕಲನ್ನೂ ನಾಲ್ಕು ದಿಕ್ಕಿನಿಂದ ತೆಗೆದ ಚಿತ್ರಗಳನ್ನೂ ಇಟ್ಟು, ಹತ್ತು ಪಂಕ್ತಿಯ ಅರ್ಜಿಯನ್ನು ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದಾಯಿತು. ಉತ್ತರವು ಬಾರದೆ ಸಮನ್ಸೇ ಬಂತು. ಅವರು ಹೋಗಿ, ಆಪಾದನೆಯನ್ನು ಓದಿ ಹೇಳಿದಾಗ “ಸ್ವಾಮಿ, ಆ ವಾಹನ ನನ್ನದಲ್ಲ” ಎಂದಷ್ಟೇ ಹೇಳಿದರು. ಎರಡನೆಯ ದಿನ ಚಿತ್ರವನ್ನೂ ಆರ್.ಸಿ.ಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ನ್ಯಾಯಾಧೀಶರು ಅವರನ್ನು ಬಿಡುಗಡೆ ಮಾಡಿದರು. ಶ್ರಾದ್ಧದ ಮಾತನ್ನು ಹೇಳುವ ಅವಶ್ಯಕತೆಯೇ ಬೀಳಲಿಲ್ಲ. ಹಿಂದಿರುಗಿ ಬಂದು, “ಆಟೋ ಬಾಡಿಗೆಯೇ ಐನೂರಕ್ಕೆ ಹತ್ತಿರವಾಯಿತು ಮೇಷ್ಟ್ರೇ. ಆದರೂ ಇವತ್ತು ನಿದ್ದೆ ಚೆನ್ನಾಗಿ ಬರುತ್ತದೆ” ಎಂದರು. ಹಣದ ಲೆಕ್ಕದಲ್ಲಿ ಅವರಿಗೆ ಲಾಭವೇನೂ ಆಗಲಿಲ್ಲ. ಆದರೆ ಹಣ ಕಟ್ಟಿದ್ದರೆ ಅವರು ಮಾಡದ ತಪ್ಪು ಅವರ ಹೆಸರಿನಲ್ಲಿಯೇ ಉಳಿಯುತ್ತಿತ್ತು. ಆ ಕಪ್ಪು ವಾಹನದವನು ಮುಂದೆಯೂ ತಪ್ಪಿಸಿಕೊಳ್ಳುತ್ತಿದ್ದನು.

ಮಿಥ್ಯೋತ್ತರದಲ್ಲಿ ಸಾಕ್ಷ್ಯದ ಭಾರವು ಆಪಾದಿಸಿದವನ ಮೇಲೆಯೇ ಎಂದು ಮಿತಾಕ್ಷರೆಯು ಹೇಳುತ್ತದೆ. ಇಂದಿನ ಕಾನೂನೂ ಅದನ್ನೇ ಹೇಳುತ್ತದೆ. ಕೆಲವು ವಿಶೇಷ ರಕ್ಷಣೆಗಳನ್ನು ವಾಚಕರು ತಿಳಿದಿರಬೇಕು. ಅತಿವೇಗದ ಆಪಾದನೆಯಲ್ಲಿ, “ನನ್ನ ಕಣ್ಣಿಗೆ ವೇಗವಾಗಿ ಹೋದಂತೆ ಕಂಡಿತು” ಎಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯವೊಂದರಿಂದಲೇ ಶಿಕ್ಷೆ ವಿಧಿಸುವಂತಿಲ್ಲ. ಆ ಅಭಿಪ್ರಾಯವು ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಉಪಕರಣದ ಅಳತೆಯನ್ನು ಆಧರಿಸಿರಬೇಕೆಂದು ೧೮೩ನೆಯ ಪ್ರಕರಣದಲ್ಲಿದೆ. ಅತಿವೇಗ ಮತ್ತು ಅಪಾಯಕರ ಚಾಲನೆಯ ಆಪಾದನೆಗಳಲ್ಲಿ, ಸ್ಥಳದಲ್ಲಿಯೇ ಎಚ್ಚರಿಕೆ ಕೊಟ್ಟಿರಬೇಕು, ಇಲ್ಲವೆ ೧೪ ದಿನದೊಳಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಬಂದಿರಬೇಕು, ಅದೂ ಇಲ್ಲವೆ ೨೮ ದಿನದೊಳಗೆ ಸಮನ್ಸು ಮುಟ್ಟಿರಬೇಕೆಂದು ೨೦೯ನೆಯ ಪ್ರಕರಣವು ವಿಧಿಸುತ್ತದೆ. ವಿಳಾಸವು ತಿಳಿಯದಿದ್ದುದೇ ಮುಂತಾದ ತಕ್ಕ ಕಾರಣಗಳಿದ್ದರೆ ನ್ಯಾಯಾಲಯವು ವಿನಾಯಿತಿ ಕೊಡಬಹುದು. ಕ್ಯಾಮರಾದ ಉಪಕರಣಕ್ಕೆ ಅನುಮೋದನೆಯ ಪ್ರಮಾಣಪತ್ರವಿರಬೇಕೆಂದೂ, ಅದನ್ನು ವರ್ಷವರ್ಷವೂ ನವೀಕರಿಸಬೇಕೆಂದೂ, ಕ್ಯಾಮರಾ ಇರುವ ಕಡೆ ಫಲಕ ಹಾಕಬೇಕೆಂದೂ ೨೦೨೧ರ ಆಗಸ್ಟಿನಲ್ಲಿ ಪ್ರಕಟವಾದ ಕೇಂದ್ರ ನಿಯಮವು ಹೇಳಿತು. ಎಲೆಕ್ಟ್ರಾನಿಕ್ ದಾಖಲೆಯ ನಕಲನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಅದಕ್ಕೆ ತಕ್ಕ ಪ್ರಮಾಣಪತ್ರವು ಅವಶ್ಯವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಜುಲೈಯಲ್ಲಿ ತೀರ್ಪಿತ್ತಿದೆ. ಯಂತ್ರವು ಹೇಳಿದ ಮಾತ್ರಕ್ಕೆ ಅದು ಪ್ರಶ್ನಾತೀತವಾಗುವುದಿಲ್ಲ.

ಪ್ರತ್ಯವಸ್ಕಂದನ. ಗೆರೆಯನ್ನು ದಾಟಿದ್ದು ನಿಜ; ಆದರೆ ಹಿಂದಿನಿಂದ ಆಂಬುಲೆನ್ಸು ಬಂದುದರಿಂದ ದಾರಿ ಬಿಡಲು ದಾಟಿದೆನು ಎಂಬುದು ಈ ವರ್ಗದ ಉತ್ತರ. ಆಂಬುಲೆನ್ಸಿಗೆ ದಾರಿ ಬಿಡದವನಿಗೆ ೧೦,೦೦೦ ರೂಪಾಯಿವರೆಗೆ ದಂಡ ವಿಧಿಸುವ ಕಾನೂನು, ದಾರಿ ಬಿಟ್ಟವನ ಸಮಾಧಾನವನ್ನು ಕೇಳದಿರಲಾರದು. ಪೂರ್ವಿಕರೂ ಇದನ್ನು ಬಲ್ಲವರಾಗಿದ್ದರು. ಎತ್ತಿನ ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಅಥವಾ ಚಕ್ರ ಮುರಿದರೆ, ಸಾರಥಿಯು ದೂರ ಸರಿಯಿರೆಂದು ಕೂಗಿದ್ದರೆ ದಂಡವಿಲ್ಲವೆಂದು ಮನುಸ್ಮೃತಿಯಲ್ಲಿ ಹತ್ತು ವಿನಾಯಿತಿಗಳನ್ನು ಎಣಿಸಿದ್ದಾರೆ. ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಕಂಡು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ಬಗೆಯ ವಿನಾಯಿತಿಗಳಿವೆ. ಆದರೆ ಕಾರಣವನ್ನು ಹೇಳುವವನೇ ಅದನ್ನು ಸ್ಥಾಪಿಸಬೇಕೆಂಬುದು ಮಿತಾಕ್ಷರೆಯ ನಿಯಮ. ಇಂದೂ ಅಷ್ಟೆ. ಆಸ್ಪತ್ರೆಯ ಚೀಟಿ, ಹೊತ್ತು ಬರೆದ ರಸೀತಿ, ಜೊತೆಯಲ್ಲಿದ್ದವರ ಹೇಳಿಕೆ, ಇವುಗಳಲ್ಲಿ ಏನಾದರೂ ಕೈಯಲ್ಲಿರಬೇಕು.

“ಆ ಸ್ಕೂಟರನ್ನು ನಾನು ಎರಡು ವರ್ಷದ ಹಿಂದೆಯೇ ಮಾರಿಬಿಟ್ಟೆ” ಎಂಬ ಉತ್ತರವನ್ನು ಬಹಳ ಮಂದಿ ಹೇಳುತ್ತಾರೆ. ಇದು ಅವರು ನೆನೆದಷ್ಟು ಬಲವಾದದ್ದಲ್ಲ. ಒಂದೇ ರಾಜ್ಯದೊಳಗೆ ಮಾರಿದವನು ೧೪ ದಿನದೊಳಗೆ ನೋಂದಣಿ ಅಧಿಕಾರಿಗೆ ವರದಿ ಮಾಡಬೇಕೆಂದು ೫೦ನೆಯ ಪ್ರಕರಣದಲ್ಲಿದೆ. ದಫ್ತರದಲ್ಲಿ ಹೆಸರು ಬದಲಾಗುವವರೆಗೆ, ಅಪಘಾತದ ಪರಿಹಾರಕ್ಕೂ ಹಳೆಯ ಹೆಸರಿನವನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರ ಫೆಬ್ರವರಿಯಲ್ಲಿ ಹೇಳಿದೆ. ಆದುದರಿಂದ ವಾಹನವನ್ನು ಮಾರಿದ ದಿನವೇ ಕಾಗದಗಳನ್ನು ಮುಗಿಸಿಕೊಳ್ಳತಕ್ಕದ್ದು. ಹಣ ಎಣಿಸಿಕೊಂಡರೆ ಸಾಲದು.

ಹಾಗೆಯೇ, ಹದಿನೆಂಟು ತುಂಬದ ಹುಡುಗನ ಕೈಗೆ ಬಂಡಿಯನ್ನು ಕೊಟ್ಟು, “ನನಗೆ ತಿಳಿಯದೆ ತೆಗೆದುಕೊಂಡು ಹೋದ” ಎನ್ನುವ ತಂದೆಯು ಅದನ್ನು ತಾನೇ ರುಜುವಾತುಪಡಿಸಬೇಕು. ಆಗದಿದ್ದರೆ ೧೯೯ಎ ಪ್ರಕರಣದಂತೆ ಮೂರು ವರ್ಷದವರೆಗೆ ಸೆರೆಯೂ ೨೫,೦೦೦ ರೂಪಾಯಿ ದಂಡವೂ ಬರಬಹುದು. ವಾಹನದ ನೋಂದಣಿಯು ಹನ್ನೆರಡು ತಿಂಗಳು ರದ್ದಾಗುತ್ತದೆ. ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸು ಸಿಕ್ಕದು. ಸಾರಥಿಯು ಕುಶಲನಲ್ಲದಿದ್ದರೆ ರಥದ ಒಡೆಯನಿಗೆ ದಂಡವೆಂದು ಮನುಸ್ಮೃತಿಯಲ್ಲಿ ಹೇಳಿದುದೂ ಇದೇ ನ್ಯಾಯದಿಂದ.

ಪೂರ್ವನ್ಯಾಯ. ಕಟ್ಟಿದ ಜುಲ್ಮಾನೆಯನ್ನೇ ಮತ್ತೆ ಕೇಳಿದಾಗ ಹೇಳುವ ಉತ್ತರವಿದು. ಒಂದೇ ಅಪರಾಧಕ್ಕಾಗಿ ಒಬ್ಬನನ್ನು ಎರಡು ಸಲ ವಿಚಾರಿಸಿ ಶಿಕ್ಷಿಸಬಾರದೆಂದು ನಮ್ಮ ಸಂವಿಧಾನದ ೨೦ನೆಯ ಅನುಚ್ಛೇದವು ಸಾರಿದೆ. ಆದರೆ ರಸೀತಿಯಿಲ್ಲದ ಪೂರ್ವನ್ಯಾಯವು ಬೇರಿಲ್ಲದ ಮರದಂತೆ. ಮನೆಯ ಕಂದಾಯದ ಕಾಗದಗಳನ್ನು ಇಡುವ ಪೆಟ್ಟಿಗೆಯಲ್ಲಿಯೇ ವಾಹನಕ್ಕೊಂದು ಕಡತವನ್ನು ಇಟ್ಟು, ಆರ್.ಸಿ., ವಿಮೆ, ಹೊಗೆ ತಪಾಸಣೆಯ ಚೀಟಿ, ಕಟ್ಟಿದ ಜುಲ್ಮಾನೆಗಳ ರಸೀತಿ, ಇವುಗಳ ನಕಲುಗಳನ್ನು ಸೇರಿಸಿಡುವುದು ಉತ್ತಮ.

ನ್ಯಾಯಾಲಯದಲ್ಲಿ ನಡೆಯುವುದೇನು?

ಮೈಸೂರಿನಲ್ಲಿ ನ್ಯಾಯಾಲಯಗಳು ಕೃಷ್ಣರಾಜ ಬುಲೆವಾರ್ಡಿನ ಹಳೆಯ ಆವರಣದಲ್ಲಿಯೂ ಜಯನಗರದ ಮಳಲವಾಡಿಯ ಕಟ್ಟಡದಲ್ಲಿಯೂ ನಡೆಯುತ್ತವೆ. ತಮ್ಮದು ಯಾವುದೆಂಬುದನ್ನು ಸಮನ್ಸಿನಲ್ಲಿ ಓದಿ ತಿಳಿದುಕೊಂಡು ಹೊರಡಬೇಕು. ಏಕಾದಶಿಯನ್ನೂ ಸಂಕಷ್ಟಿಯನ್ನೂ ನಮ್ಮ ಒಂಟಿಕೊಪ್ಪಲು ಪಂಚಾಂಗದಲ್ಲಿ ನೋಡಿ ಗುರುತಿಟ್ಟುಕೊಳ್ಳುವ ಮನೆಗಳಲ್ಲಿ ವಿಚಾರಣೆಯ ದಿನವನ್ನೂ ಹಾಗೆಯೇ ಗುರುತಿಟ್ಟುಕೊಳ್ಳಲಿ. ಸಮನ್ಸನ್ನು ಕಡೆಗಣಿಸಿ ಮನೆಯಲ್ಲಿ ಕೂತರೆ ವಾರಂಟು ಬರಬಹುದು. ಆಗ ನಿರಪರಾಧಿಯೂ ತಲೆತಗ್ಗಿಸಬೇಕಾಗುತ್ತದೆ.

ಸರದಿ ಬಂದಾಗ ಹೆಸರು ಕೂಗುತ್ತಾರೆ. ನ್ಯಾಯಾಧೀಶರು ಆಪಾದನೆಯ ಸಾರಾಂಶವನ್ನು ತಿಳಿಸಿ, ತಪ್ಪನ್ನು ಒಪ್ಪುತ್ತೀರಾ ಎಂದು ಕೇಳುತ್ತಾರೆ. ಇಲ್ಲಿ ಅವಸರ ಕೂಡದು. ಬೇಗನೆ ಮುಗಿದರೆ ಸಾಕೆಂದು ‘ಹೌದು’ ಎಂದವನಿಗೆ ಮೇಲ್ಮನವಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯನ್ನು ಕುರಿತು ಮಾತ್ರ ಪ್ರಶ್ನಿಸಬಹುದು. ‘ಇಲ್ಲ’ ಎಂದರೆ ಸಾಕ್ಷ್ಯಕ್ಕೆ ಇನ್ನೊಂದು ದಿನ ಗೊತ್ತಾಗುತ್ತದೆ. ಆ ದಿನ ಸರ್ಕಾರದ ಪಕ್ಷದವರು ತಮ್ಮ ಸಾಕ್ಷಿಗಳನ್ನೂ ಚಿತ್ರಗಳನ್ನೂ ಹಾಜರುಪಡಿಸಬೇಕು. ಆಪಾದಿತನು ಸಾಕ್ಷಿಗಳನ್ನು ಪಾಟೀಸವಾಲು ಮಾಡಬಹುದು, ತನ್ನ ಕಾಗದಗಳನ್ನು ತೋರಿಸಬಹುದು. ತನಗೆ ವಿರುದ್ಧವಾಗಿ ತಾನೇ ಸಾಕ್ಷಿ ಹೇಳಬೇಕೆಂಬ ಬಲಾತ್ಕಾರವು ಇಲ್ಲ. ೨೦೨೪ರ ಜುಲೈ ೧ರಿಂದ ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಬಂದಿದ್ದರೂ ಈ ಕ್ರಮದ ಮೂಲತತ್ತ್ವವು ಬದಲಾಗಿಲ್ಲ.

ವಕೀಲರನ್ನು ಇಟ್ಟುಕೊಳ್ಳಬಹುದು, ಸರಳವಾದ ವಿಷಯವಾದರೆ ತಾನೇ ಹೇಳಿಕೊಳ್ಳಲೂಬಹುದು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮೊದಲಾದವರಿಗೆ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಮನೆಯ ಸ್ಕೂಟರು ಗೃಹಿಣಿಯ ಹೆಸರಿನಲ್ಲಿದ್ದರೆ, ಆಕೆಯು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದೆಂಬುದನ್ನು ಮರೆಯಬಾರದು.

ದೆಹಲಿಯಲ್ಲಿ ೨೦೧೯ರ ಜುಲೈಯಲ್ಲಿ ಪ್ರಾರಂಭವಾಗಿ ಅನಂತರ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಿಗೆ ಬಂದಿರುವ ‘ವರ್ಚುವಲ್ ನ್ಯಾಯಾಲಯ’ವೂ ಉಂಟು. ಅದರಲ್ಲಿ ಮನೆಯಿಂದಲೇ ದಂಡವನ್ನು ಕಟ್ಟಬಹುದು. ತಕರಾರು ಇದೆಯೆಂದು ತಿಳಿಸಿದರೆ ಪ್ರಕರಣವು ಸಾಮಾನ್ಯ ನ್ಯಾಯಾಲ­ಯಕ್ಕೆ ವರ್ಗವಾಗುತ್ತದೆ. ಒಂದು ಎಚ್ಚರಿಕೆ: ಚಲನಿನ ಹೆಸರಿನಲ್ಲಿ ಮೋಸದ ಸಂದೇಶಗಳೂ ಬರುತ್ತಿವೆ. ಅಪರಿಚಿತರು ಕಳುಹಿಸಿದ ಕೊಂಡಿಯನ್ನು ಒತ್ತದೆ, ಸರ್ಕಾರದ ತಾಣದಲ್ಲಿಯೋ ಕರ್ನಾಟಕ ಒನ್ ಕೇಂದ್ರದಲ್ಲಿಯೋ ಸಂಚಾರ ಠಾಣೆಯಲ್ಲಿಯೋ ವಿಚಾರಿಸಿ ತಿಳಿಯಬೇಕು. ತಕರಾರಿಗೆ ಇರುವ ಗಡುವನ್ನೂ ನೋಟೀಸಿನಲ್ಲಿಯೇ ಓದಿಕೊಳ್ಳಬೇಕು.

ಅರ್ಧ ದಂಡದ ಆಸೆ

ಈಚೆಗೆ ಇನ್ನೊಂದು ಅಭ್ಯಾಸವು ಬೆಳೆದಿದೆ. ೨೦೨೩ರ ಫೆಬ್ರವರಿಯಲ್ಲಿ, ಉಳಿದುಹೋದ ಜುಲ್ಮಾನೆಗಳಿಗೆ ಸರ್ಕಾರವು ಅರ್ಧದಷ್ಟು ರಿಯಾಯಿತಿಯನ್ನು ಕೊಟ್ಟಿತು. ಫೆಬ್ರವರಿ ೩ರಿಂದ ೧೧ರವರೆಗಿನ ಒಂಬತ್ತು ದಿನಗಳಲ್ಲಿ ಬೆಂಗಳೂರೊಂದರಲ್ಲಿಯೇ ೧೦೦ ಕೋಟಿ ರೂಪಾಯಿಗೂ ಮೀರಿ ಸಂಗ್ರಹವಾಯಿತು. ಅದೇ ವರ್ಷದಲ್ಲಿಯೂ ೨೦೨೫ರಲ್ಲಿಯೂ ಇಂಥ ರಿಯಾಯಿತಿಗಳು ಮತ್ತೆ ಬಂದವು. ಬಾಕಿಯು ವಸೂಲಾಯಿತೆಂಬುದು ನಿಜ. ಆದರೆ ಮುಂದಿನ ರಿಯಾಯಿತಿಯು ಎಂದು ಬರುವುದೋ ಎಂದು ಕಾಯುತ್ತ ಕೂರುವುದು ಗೃಹಸ್ಥನಿಗೆ ಶೋಭಿಸುವುದಿಲ್ಲ. ತಪ್ಪು ಮಾಡಿದವನಿಗೆ ಅರ್ಧ ದಂಡವು ಅಗ್ಗವಾಯಿತು. ತಪ್ಪು ಮಾಡದವನಿಗೆ ಆ ಅರ್ಧವೂ ಅನ್ಯಾಯವೇ. ನಿರಪರಾಧಿಗೆ ಬೇಕಾದದ್ದು ವಿಚಾರಣೆಯೇ ಹೊರತು ರಿಯಾಯಿತಿಯಲ್ಲ.

ವಾದಕ್ಕೆ ತಕ್ಕ ಸ್ಥಳ

ಕಡೆಯದಾಗಿ, ವಾದವನ್ನು ಎಲ್ಲಿ ಮಾಡಬೇಕೆಂಬುದನ್ನು ಹೇಳಬೇಕು. ೨೦೨೧ರ ಮಾರ್ಚ್ ೨೨ರಂದು ನಮಗೆ ಸಮೀಪದ ಹಿನಕಲ್ಲಿನ ವರ್ತುಲ ರಸ್ತೆಯಲ್ಲಿ, ವಾಹನ ತಪಾಸಣೆಯ ವೇಳೆಯಲ್ಲಿ ಅಪಘಾತವಾಗಿ ಸವಾರನೊಬ್ಬನು ಮಡಿದನು. ಕೆರಳಿದ ಜನರು ಕರ್ತವ್ಯದಲ್ಲಿದ್ದ ಪೊಲೀಸಿನವರನ್ನು ಹೊಡೆದರು. ೨೦೨೫ರ ಮೇ ೨೬ರಂದು ಮಂಡ್ಯದಲ್ಲಿ, ಹೆಲ್ಮೆಟ್ ತಪಾಸಣೆಗೆಂದು ಬಂಡಿಯನ್ನು ತಡೆದಾಗ, ತಂದೆತಾಯಿಗಳು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಮಗುವೊಂದು ಕೆಳಗೆ ಬಿದ್ದು ಪ್ರಾಣಬಿಟ್ಟಿತು. ಆಮೇಲೆ, ಕಣ್ಣಿಗೆ ಕಾಣುವ ಉಲ್ಲಂಘನೆಯಿಲ್ಲದೆ ವಾಹನಗಳನ್ನು ತಡೆಯಬಾರದೆಂದೂ ಬಂಡಿಯ ಕೀಲಿಯನ್ನು ಕಿತ್ತುಕೊಳ್ಳಬಾರದೆಂದೂ ರಾಜ್ಯದ ಪೊಲೀಸ್ ಮುಖ್ಯಸ್ಥರು ಆಜ್ಞೆಮಾಡಿದರು. ಈ ಎರಡು ಪ್ರಸಂಗಗಳಿಂದಲೂ ಕಲಿಯತಕ್ಕದ್ದು ಒಂದೇ: ರಸ್ತೆಯು ವಿಚಾರಣೆಯ ಸ್ಥಳವಲ್ಲ, ಪೊಲೀಸಿನವರಿಗೂ ಅಲ್ಲ, ಪ್ರಜೆಗೂ ಅಲ್ಲ. ಅಲ್ಲಿ ತಪ್ಪಿಸಿಕೊಂಡು ಓಡಿದರೂ ಅಪಾಯ, ಬಾಯಿಗೆ ಬಾಯಿ ಕೊಟ್ಟರೂ ಅಪಾಯ.

ಆದುದರಿಂದ ಪೊಲೀಸಿನವರು ಕೈ ತೋರಿದರೆ ನಿಧಾನವಾಗಿ ಬದಿಗೆ ನಿಲ್ಲಿಸಿ, ಕೇಳಿದ ಕಾಗದಗಳನ್ನು ತೋರಿಸತಕ್ಕದ್ದು. ಮೊಬೈಲಿನ ಡಿಜಿಲಾಕರಿನಲ್ಲಿರುವ ಪ್ರತಿಯೂ ೨೦೧೮ರಿಂದ ಮಾನ್ಯವಾಗಿದೆ. ಒಪ್ಪಿಗೆಯಿಲ್ಲದಿದ್ದರೆ, “ಸ್ವಾಮಿ, ನಾನು ಇದನ್ನು ಕೋರ್ಟಿನಲ್ಲಿ ಹೇಳಿಕೊಳ್ಳುತ್ತೇನೆ” ಎಂದು ವಿನಯದಿಂದ ಹೇಳಿ, ಹೊತ್ತನ್ನೂ ಸ್ಥಳವನ್ನೂ ಬರೆದುಕೊಂಡು ಮನೆಗೆ ಬರಬೇಕು. ಹಾಗೆ ಹೇಳಲು ಧೈರ್ಯವಿರುವ ಪ್ರಜೆಯೂ, ಅದನ್ನು ಕೇಳಿ ಸಿಟ್ಟಾಗದ ಅಧಿಕಾರಿಯೂ ಇರುವ ಊರಿನಲ್ಲಿ ಕಾನೂನಿಗೆ ಗೌರವವಿರುತ್ತದೆ. ಚಲನ್ ಬಂದ ದಿನ ವಾಚಕರು ಕೋಪವನ್ನೂ ಭಯವನ್ನೂ ಬದಿಗಿಟ್ಟು, ಮನೆಯವರೆಲ್ಲರನ್ನೂ ಕೂರಿಸಿಕೊಂಡು, ತಮ್ಮ ಉತ್ತರವು ನಾಲ್ಕರಲ್ಲಿ ಯಾವುದೆಂದು ಸತ್ಯವಾಗಿ ವಿಚಾರಮಾಡಬೇಕೆಂದು ನಮ್ಮ ಪ್ರಾರ್ಥನೆ.